ಈಗ ಕೇಳಿಸಿಕೊಳ್ಳಲಾರೆ

ನಾಗಾನೊ, ಜಪಾನ್
4 ನವೆಂಬರ್ 2018

ಅಪ್ಪನವರಿಗೆ ಪ್ರತಿಮಾಳ ನಮಸ್ಕಾರಗಳು.

ನಾನಿಲ್ಲಿಗೆ ಬಂದು ಮೂರು ವಾರವಾಯಿತು. ಅಮ್ಮನ ಜೊತೆ ದಿನ ಬಿಟ್ಟು ದಿನ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತೇನೆ. ಎರಡು ಸಲ ಅಮ್ಮನ ಬೆನ್ನ ಹಿಂದೆ ನೀವು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹಾದುಹೋದದ್ದು ಕಂಡಿತು. ನಿಲ್ಲಲಿಲ್ಲ. ನಿಂತಿದ್ದರೂ ನನ್ನ ಮಾತು ನಿಮಗೆ ಕೇಳಿಸುತ್ತಿರಲಿಲ್ಲ. ಅಂಗೈಯಷ್ಟು ಪರದೆಯಲ್ಲಿ ನನ್ನ ತುಟಿ ಓದುವುದೂ ಆಗುತ್ತಿರಲಿಲ್ಲ. ಅದಕ್ಕೇ ಈ ಕಾಗದ.

ನಾನು ಕೆಲಸ ಮಾಡುವುದು ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ. ಅರವತ್ತು ಜನ ಇದ್ದಾರೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು. ರಾಮನಗರದ ನರ್ಸಿಂಗ್ ಹೋಮಿನಲ್ಲಿ ಮಾಡುತ್ತಿದ್ದದ್ದೇ, ಆದರೆ ಇಲ್ಲಿ ಪ್ರತಿಯೊಂದಕ್ಕೂ ಮೊದಲು ಅವರ ಅಪ್ಪಣೆ ಕೇಳಬೇಕು, ಅದೂ ಅವರ ಭಾಷೆಯಲ್ಲಿ. ಮುಂದಿನ ವರ್ಷ ಭಾಷೆಯ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ವಾಪಸ್ಸು.

ಅಪ್ಪ, ಏಪ್ರಿಲ್ ಐದನೇ ತಾರೀಕಿನ ಸಂಜೆಯ ವಿಷಯ ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆ ಬಿಟ್ಟು ಬೆಂಗಳೂರಿನ ಟ್ರೈನಿಂಗ್ ಹಾಸ್ಟೆಲಿಗೆ ಬಂದೆ, ಅಲ್ಲಿಂದ ಇಲ್ಲಿಗೆ. ಆ ಸಂಜೆ ನಾನು ಜಗಲಿಯ ಮೇಲೆ ಕೂತು ಫೋನಿನಲ್ಲಿ ಜಪಾನಿ ಪಾಠ ಓದುತ್ತಿದ್ದೆ. ಆ್ಯಪ್ ಒಂದು ಮಾತು ಹೇಳುತ್ತದೆ, ನಾವು ಅದನ್ನು ತಿರುಗಿ ಹೇಳಬೇಕು. ನಿಮಗೆ ನನ್ನ ತುಟಿ ಮಾತ್ರ ಕಂಡಿತು. ಯಾರೋ ಹುಡುಗನ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿರಿ. ಕೈಯಿಂದ ಕಿತ್ತು ದನ ನೀರು ಕುಡಿಯುವ ತೊಟ್ಟಿಗೆ ಎಸೆದಿರಿ. ನಾನು ಪಾಠ ಓದುತ್ತಿದ್ದೆ, ಅಷ್ಟೇ. ಇದನ್ನು ಬರೆದು ತಿಳಿಸಬೇಕು ಅನ್ನಿಸಿತು.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ಪ್ರತಿಮಾ


ಕೂಟಗಲ್
26 ನವೆಂಬರ್ 2018

ಚಿ. ಪ್ರತಿಮಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಸೇರಿತು. ನಾವು ಕ್ಷೇಮ. ಸೀಮೆಹಸು ಹೆಣ್ಣು ಕರು ಹಾಕಿತು. ಈ ಸಲದ ರೇಷ್ಮೆ ಹುಳು ಚೆನ್ನಾಗಿ ಮೇಯುತ್ತಿವೆ. ಚಳಿ ಹೆಚ್ಚಾಗಿದೆ, ರಾತ್ರಿ ಹುಳುಮನೆಯ ಕಿಟಕಿಗೆ ಗೋಣಿ ಕಟ್ಟುತ್ತಿದ್ದೇನೆ. ಅಲ್ಲಿ ಹಿಮ ಬೀಳುತ್ತದಂತೆ, ನಿಮ್ಮಮ್ಮ ಹೇಳಿದಳು. ಕಿವಿ ಮುಚ್ಚಿಕೊಂಡು ಓಡಾಡು.

ಮನೆಯಲ್ಲಿ ನನ್ನನ್ನು ನೀನು ಅನ್ನುತ್ತಿದ್ದವಳು ಕಾಗದದಲ್ಲಿ ನೀವು ಅಂತ ಬರೆದಿದ್ದೀಯ. ಕಾಗದದಲ್ಲಿ ಹಾಗೇ ಬರೆಯಬೇಕೇನೋ. ನನಗೆ ಗೊತ್ತಿಲ್ಲ. ನನಗೆ ಇದುವರೆಗೆ ಯಾರೂ ಕಾಗದ ಬರೆದಿರಲಿಲ್ಲ.

ಬೇರೆ ವಿಶೇಷವಿಲ್ಲ.

ಇಂತಿ ನಿನ್ನ ಅಪ್ಪ,
ಬೋರಲಿಂಗಯ್ಯ


ನಾಗಾನೊ
13 ಜನವರಿ 2019

ಅಪ್ಪನವರಿಗೆ ನಮಸ್ಕಾರಗಳು.

ಮೊನ್ನೆ ಒಂದು ವಿಚಿತ್ರ ನಡೆಯಿತು. ನಾನು ಊರಲ್ಲಿದ್ದಾಗ ಓದುತ್ತಿದ್ದ ಆ ಆ್ಯಪನ್ನು ಹೊಸ ಫೋನಿಗೂ ಹಾಕಿಕೊಂಡಿದ್ದೆ. ಟ್ರೈನಿಂಗಿನಲ್ಲಿ ಪುಸ್ತಕ ಕೊಟ್ಟ ಮೇಲೆ ಅದನ್ನು ಮುಟ್ಟಿರಲಿಲ್ಲ. ಮೊನ್ನೆ ಬಸ್ಸಿನಲ್ಲಿ ಕೂತಾಗ ಸುಮ್ಮನೆ ತೆರೆದೆ. ನನ್ನ ಹೆಸರಿನ ಕೆಳಗೆ ಆ ದಿನದ ಪಾಠ ಮುಗಿದಿದೆ ಅಂತ ತೋರಿಸಿತು. ಹಿಂದಿನ ದಿನದ್ದೂ ಮುಗಿದಿತ್ತು. ಅದರ ಹಿಂದಿನ ದಿನದ್ದೂ.

ಯಾರೋ ನನ್ನ ಪಾಠ ಓದುತ್ತಿದ್ದಾರೆ. ಅಕ್ಷರಮಾಲೆಯನ್ನು ಮೊದಲಿಂದ ಶುರು ಮಾಡಿ, ದಿನಕ್ಕೆ ಐದೇ ಐದು ಅಕ್ಷರ ಕಲಿಯುತ್ತಿದ್ದಾರೆ. ತಪ್ಪಾದದ್ದನ್ನು ಮೂರು ಸಲ, ನಾಲ್ಕು ಸಲ ಮಾಡಿದ್ದಾರೆ. ನಮ್ಮೂರಿನ ಲೆಕ್ಕದಲ್ಲಿ ಬೆಳಿಗ್ಗೆ ಆರರ ಹೊತ್ತು, ಹುಳುಗಳಿಗೆ ಬೆಳಿಗ್ಗೆಯ ಸೊಪ್ಪು ಹಾಕಿದ ಮೇಲೆ. ಓದುವ ಪಾಠಗಳೆಲ್ಲ ಆಗಿವೆ. ಕೇಳಿ ಉತ್ತರ ಹೇಳುವ ಪಾಠ ಒಂದೂ ಆಗಿಲ್ಲ, ಎಲ್ಲವನ್ನೂ ದಾಟಿಸಿದ್ದಾರೆ.

ಅದನ್ನೇ ನೋಡುತ್ತಾ ಕೂತೆ. ಇಳಿಯುವ ಜಾಗ ದಾಟಿಹೋಯಿತು. ಹಿಮದಲ್ಲಿ ಎರಡು ನಿಲ್ದಾಣ ಹಿಂದಕ್ಕೆ ನಡೆದು ಕೆಲಸಕ್ಕೆ ಬಂದೆ.

ಅಪ್ಪ, ಅದು ನೀವಾ?

ಇಂತಿ,
ಪ್ರತಿಮಾ


ಕೂಟಗಲ್
3 ಫೆಬ್ರವರಿ 2019

ಚಿ. ಪ್ರತಿಮಾಳಿಗೆ ಆಶೀರ್ವಾದ.

ನಾನೇ. ಇಲ್ಲಿ ಓದಿದರೆ ಅಲ್ಲಿ ಕಾಣುತ್ತದೆ ಅಂತ ಗೊತ್ತಿದ್ದರೆ ಇನ್ನಷ್ಟು ಎಚ್ಚರವಾಗಿ ಓದುತ್ತಿದ್ದೆ. ಎಷ್ಟು ತಪ್ಪು ಮಾಡಿದ್ದೇನೆ ಅನ್ನುವುದೂ ಕಾಣುತ್ತದೆಯೆ?

ಮೊದಲಿಂದ ಹೇಳುತ್ತೇನೆ. ನೀನು ಹಾಸ್ಟೆಲಿಗೆ ಹೋದ ಮೇಲೆ ಫೋನನ್ನು ತೊಟ್ಟಿಯಿಂದ ತೆಗೆದು ಅಕ್ಕಿ ಡಬ್ಬದಲ್ಲಿ ಹೂತಿಟ್ಟವಳು ನಿಮ್ಮಮ್ಮ. ಏಳು ತಿಂಗಳು ಅಲ್ಲೇ ಇತ್ತು. ನಿನ್ನ ಮೊದಲ ಕಾಗದ ಬಂದ ಮಾರನೆ ದಿನ ರೇಷ್ಮೆ ಗೂಡು ಮಾರುಕಟ್ಟೆಗೆ ಹೋಗುವ ನೆಪ ಹೇಳಿ ರಾಮನಗರಕ್ಕೆ ತೆಗೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ತಾಜ್ ಪಾಷಾ ಅಂತ ಒಬ್ಬ ಫೋನು ರಿಪೇರಿ ಮಾಡುತ್ತಾನೆ. ಬಿಚ್ಚಿ, ತೊಳೆದು, ಮುಂದಿನ ಗಾಜು ಬದಲಾಯಿಸಿದ. ನನಗೆ ಕೇಳಿಸುವುದಿಲ್ಲ ಅಂತ ಗೊತ್ತಾದ ಮೇಲೆ ಒಂದೊಂದೇ ಮಾತನ್ನು ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದ.

"ಎಲ್ಲಾ ಸರಿಹೋಯ್ತಣ್ಣ, ಸ್ಪೀಕರ್ ಮಾತ್ರ ಹೋಗ್ಬುಟ್ಟೈತೆ. ಸೌಂಡ್ ಬರಾಕಿಲ್ಲ."

"ಬರದಿದ್ರೆ ಬುಡಪ್ಪ. ಅದ್ಕೂ ನಂಗೂ ಜೋಡಿ ಸರಿಹೋಯ್ತು" ಅಂದೆ. ಅವನು ನಗಲೋ ಬೇಡವೋ ಅಂತ ನೋಡಿದ. ನಾನು ನಕ್ಕ ಮೇಲೆ ನಕ್ಕ.

ಫೋನು ತೆರೆದರೆ ಮೊದಲು ಕಂಡದ್ದು ಆ ಪಾಠವೇ. ನಿನ್ನ ಟ್ರಂಕಿನಲ್ಲಿ ಜಪಾನಿ ಅಕ್ಷರದ ಪಕ್ಕ ಕನ್ನಡ ಅಕ್ಷರ ಬರೆದ ನೋಟ್‌ಬುಕ್ಕಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿದೆ. ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ, ಕಾರ್ಖಾನೆಯಲ್ಲಿ ಕಲಿತಷ್ಟು ಸಾಕಾಗುತ್ತದೆ. 'ನೊ' ಅನ್ನುವ ಅಕ್ಷರ ನೋಡಿದ ದಿನವೇ ಬಂತು, ಸುರುಳಿ ಸುತ್ತಿಕೊಂಡ ಹುಳುವಿನ ಹಾಗಿದೆ. 'ನೆ', 'ರೆ', 'ವಾ' ಈ ಮೂರೂ ಇಂದಿಗೂ ನನಗೆ ಒಂದೇ ಮುಖದ ದಾಯಾದಿಗಳು.

ಬಿಡದಿಯ ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಹದಿನೈದು ವರ್ಷ ಗೋಡೆಯ ಮೇಲೆ ಸೇರಿ, ಸೇಟನ್, ಸೇಸೊ ಅಂತ ಕನ್ನಡದಲ್ಲಿ ಬರೆದ ಬೋರ್ಡು ನೋಡಿದ್ದೇನೆ. ನಾವು ಕೆಲವರು ಅವು ಜಪಾನಿನ ಸಾಹುಕಾರನ ಮೂವರು ಮಕ್ಕಳ ಹೆಸರು ಅಂದುಕೊಂಡಿದ್ದೆವು. ಬೇಡದ್ದನ್ನು ತೆಗೆ, ಇರುವುದನ್ನು ಜೋಡಿಸು, ಗುಡಿಸು ಅಂತ ಅರ್ಥವಂತೆ. ನಿಮ್ಮಮ್ಮನಿಗೆ ಹೇಳಿದೆ. "ಅದ್ನೇ ನಾನು ಮೂವತ್ತು ವರ್ಷದಿಂದ ಹೇಳ್ತಾ ಇವ್ನಿ" ಅಂದಳು.

ಕೇಳುವ ಪಾಠ ಬಂದಾಗ ಅಡಿಯಲ್ಲಿ ಸಣ್ಣದಾಗಿ ಒಂದು ಗುಂಡಿ ಇರುತ್ತದೆ. ಈಗ ಕೇಳಿಸಿಕೊಳ್ಳಲಾರೆ, ಅಂತ. ಅದನ್ನು ಒತ್ತುತ್ತೇನೆ. ಆಗಲಿ, ಒಂದು ಗಂಟೆ ಬಿಟ್ಟು ಮತ್ತೆ ಕೇಳಿಸುತ್ತೇವೆ ಅನ್ನುತ್ತದೆ. ಒಂದು ಗಂಟೆಯಲ್ಲಿ ನನ್ನ ಕಿವಿ ವಾಪಸ್ಸು ಬರುತ್ತದೆ ಅಂತ ಅದಕ್ಕೆ ನಂಬಿಕೆ. ಇಷ್ಟು ನಂಬಿಕೆ ಡಾಕ್ಟರಿಗೂ ಇರಲಿಲ್ಲ.

ಯಾಕೆ ಓದುತ್ತಿದ್ದೇನೆ ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಆ ಸಂಜೆ ನಿನ್ನ ತುಟಿಯ ಮೇಲೆ ಕಂಡ ಮಾತು ಯಾವುದು ಅಂತ ನನಗೆ ತಿಳಿಯಬೇಕು. ಕಲಿತ ಒಂದೊಂದು ಪದವನ್ನೂ ಬಚ್ಚಲ ಕನ್ನಡಿಯ ಮುಂದೆ ಹೇಳಿಕೊಂಡು ನನ್ನ ತುಟಿ ನೋಡುತ್ತೇನೆ. ಅದು ಸಿಕ್ಕಿದ ದಿನ ನಾನು ಮಾಡಿದ್ದು ಎಂಥ ತಪ್ಪು ಅಂತ ಪೂರ್ತಿ ಗೊತ್ತಾಗುತ್ತದೆ. ಸಿಗುವವರೆಗೆ ಕಾಯುವುದು ಬೇಡ ಅಂತ ಈಗಲೇ ಬರೆಯುತ್ತಿದ್ದೇನೆ. ಓದುತ್ತಿದ್ದ ಮಗಳ ಕೈಯಿಂದ ಕಿತ್ತುಕೊಂಡೆ. ತಪ್ಪಾಯಿತು ಕಣವ್ವ.

ಇಂತಿ ನಿನ್ನ ಅಪ್ಪ,
ಬೋರಲಿಂಗಯ್ಯ


ನಾಗಾನೊ
17 ಮಾರ್ಚ್ 2019

ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಬೇಗ ಉತ್ತರ ಬರೆಯಲಾಗಲಿಲ್ಲ. ಮೂರು ಸಲ ಶುರು ಮಾಡಿ ಬಿಟ್ಟೆ. ಫೆಬ್ರವರಿ ತಿಂಗಳು ನನಗೆ ಚೆನ್ನಾಗಿರಲಿಲ್ಲ. ಚಳಿಗೆ ಇರಬೇಕು.

ಈಗ ನನಗೊಂದು ಅಭ್ಯಾಸವಾಗಿದೆ. ಬೆಳಿಗ್ಗೆಯ ಕೆಲಸ ಮುಗಿಸಿ ಹತ್ತಕ್ಕೆ ಟೀ ಕುಡಿಯುವಾಗ ಆ್ಯಪ್ ತೆರೆದು ನೋಡುತ್ತೇನೆ. ಆ ದಿನದ ಚೌಕಕ್ಕೆ ಬಣ್ಣ ಬಂದಿದ್ದರೆ, ಅಪ್ಪ ಎದ್ದು ಸೊಪ್ಪು ಹಾಕಿ ಜಗಲಿಯ ಮೇಲೆ ಕೂತಿದ್ದಾರೆ ಅಂತ ಲೆಕ್ಕ. ಫೆಬ್ರವರಿ ಹದಿನಾರರಿಂದ ಹನ್ನೊಂದು ದಿನ ಬಣ್ಣ ಬರಲಿಲ್ಲ. ಅಮ್ಮನನ್ನು ಕೇಳಿದರೆ "ಚೆನ್ನಾಗವ್ರೆ ಕಣೆ, ಮೂರು ಹೊತ್ತೂ ಉಣ್ತಾವ್ರೆ" ಅಂದಳು. ಏನಾಗಿತ್ತು? ಮೈ ಹುಷಾರಿರಲಿಲ್ಲವೆ?

ಇಲ್ಲಿ ಫುಮಿ ಸಾನ್ ಅಂತ ಒಬ್ಬರಿದ್ದಾರೆ. ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ತೊಂಬತ್ತೆರಡು ವರ್ಷ. ಕಿವಿ ಹೆಚ್ಚು ಕಡಿಮೆ ಇಲ್ಲ, ಮಿಷನ್ನು ಹಾಕಿದರೆ ಕಿತ್ತು ಸೂಪಿನ ಬಟ್ಟಲಿಗೆ ಹಾಕುತ್ತಾರೆ. ಯಾರ ಹತ್ತಿರವೂ ಮಾತಾಡುವುದಿಲ್ಲ ಅಂತ ಹೆಸರಾಗಿದ್ದರು. ಮೊದಲ ದಿನ ನಾನು ಅವರ ಎದುರು ಮಂಡಿಯೂರಿ, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತು, ಸ್ನಾನಕ್ಕೆ ಹೋಗೋಣವೆ ಅಂದೆ. ನನ್ನ ಜಪಾನಿ ಇಲ್ಲಿನ ಮಕ್ಕಳಿಗಿಂತ ಕಡೆ. ಆದರೂ ಅವರು ಎದ್ದು ಬಂದರು. ಹೀಗೆ ಕೂತು ಮಾತಾಡುವುದನ್ನು ಯಾವ ಟ್ರೈನಿಂಗಿನಲ್ಲಿ ಹೇಳಿಕೊಟ್ಟರು ಅಂತ ಮೇಲಿನವರು ಕೇಳಿದರು. ಮನೆಯಲ್ಲಿ ಅಂದೆ.

ಫುಮಿ ಸಾನ್ ಹದಿಮೂರನೆಯ ವಯಸ್ಸಿಗೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಸೇರಿದವರು. ಈ ಊರುಗಳ ತುಂಬಾ ಆಗ ಅದೇ ಇತ್ತಂತೆ, ನಮ್ಮ ರಾಮನಗರ, ಚನ್ನಪಟ್ಟಣದ ಹಾಗೆ. ಅಮ್ಮ ಕಳಿಸಿದ ನಮ್ಮ ಹುಳುಮನೆಯ ಫೋಟೋ ತೋರಿಸಿದೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ "ಇವು ಈಗ ಎಷ್ಟನೇ ನಿದ್ದೆಯಲ್ಲಿವೆ?" ಅಂದರು. ನಾವು ಹುಳು ಜ್ವರಕ್ಕೆ ಕೂತಿದೆ ಅನ್ನುತ್ತೇವಲ್ಲ, ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತವಲ್ಲ, ಅದಕ್ಕೆ ಇಲ್ಲಿ ನಿದ್ದೆ ಅನ್ನುತ್ತಾರೆ. ಹಳಬರು ಹುಳುವನ್ನು ಏಕವಚನದಲ್ಲಿ ಕರೆಯುವುದೂ ಇಲ್ಲ. ಒಕೈಕೊ ಸಾಮಾ ಅನ್ನುತ್ತಾರೆ. 'ರೇಷ್ಮೆ ಹುಳುವಿನವರು' ಅಂದ ಹಾಗೆ.

ಎಷ್ಟನೇ ನಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಬರೆದು ತಿಳಿಸಿ. ಅವರು ದಿನಾ ಕೇಳುತ್ತಾರೆ.

ಇಂತಿ,
ಪ್ರತಿಮಾ


ಕೂಟಗಲ್
5 ಏಪ್ರಿಲ್ 2019

ಚಿ. ಪ್ರತಿಮಾಳಿಗೆ ಆಶೀರ್ವಾದ.

ಹನ್ನೊಂದು ದಿನ ಹುಳು ಹಣ್ಣಾಗಿದ್ದವು. ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ, ಕೂರಲು ಬಿಡುವಿರಲಿಲ್ಲ. ಮೈ ಹುಷಾರಾಗಿದೆ. ಚಿಂತೆ ಮಾಡಬೇಡ.

ಈಗ ಇರುವವು ಮೂರನೇ ಜ್ವರ ಎದ್ದಿವೆ. ಫುಮಿ ಸಾನ್ ಅವರಿಗೆ ಮೂರನೇ ನಿದ್ದೆ ಮುಗಿಯಿತು ಅಂತ ಹೇಳು. ಈ ಸೆಕೆಗೆ ನಾಲ್ಕು ದಿನದಲ್ಲಿ ನಾಲ್ಕನೆಯದಕ್ಕೆ ಕೂರುತ್ತವೆ ಅಂತಲೂ ಹೇಳು. ಅವರ ಕಾಲದಲ್ಲಿ ಸೊಪ್ಪನ್ನು ಹೆಚ್ಚಿ ಹಾಕುತ್ತಿದ್ದರೋ ಕಡ್ಡಿ ಸಮೇತವೋ ಕೇಳು.

ಬಹುವಚನದ ವಿಷಯ ನನಗೆ ಬಹಳ ಹಿಡಿಸಿತು. ಮಾರನೆ ಬೆಳಿಗ್ಗೆ ನಿಮ್ಮಮ್ಮನಿಗೆ, "ಹುಳಿನೋರು ಉಣ್ತಾವ್ರೆ, ಒಸಿ ಮೆತ್ತಗೆ ಮಾತಾಡು" ಅಂದೆ. ಅವಳು ಏನೋ ಅಂದಳು. ನನಗೆ ಬೆನ್ನು ತಿರುಗಿಸಿ ಅಂದದ್ದರಿಂದ ಗೊತ್ತಾಗಲಿಲ್ಲ. ಬೇಕಂತಲೇ ತಿರುಗಿಸಿದಳು.

ನಾಲ್ಕನೇ ಜ್ವರ ಎದ್ದ ಮೇಲೆ ಅವು ಸೊಪ್ಪು ಕಡಿಯುವ ಸದ್ದು ನಿನಗೆ ನೆನಪಿದೆಯೆ? ನನಗೆ ನೆನಪಿದೆ. ಕೇಳಿಸುವುದಿಲ್ಲ, ನೆನಪಿದೆ. ಸೊಪ್ಪು ಹಾಕಿ ತಟ್ಟೆಯ ಅಂಚಿಗೆ ಬೆರಳು ಇಟ್ಟು ನಿಂತರೆ ಸ್ವಲ್ಪ ಗೊತ್ತಾಗುತ್ತದೆ ಅನ್ನಿಸುತ್ತದೆ. ಅದು ನಿಜವೋ ನನ್ನ ಭ್ರಮೆಯೋ.

ಇವತ್ತು ಏಪ್ರಿಲ್ ಐದು. ಒಂದು ವರ್ಷವಾಯಿತು.

ಚೆನ್ನಾಗಿ ಓದು. ಪರೀಕ್ಷೆ ಜುಲೈನಲ್ಲಿ ಅಂತ ನಿಮ್ಮಮ್ಮ ಹೇಳಿದಳು.

ಇಂತಿ ನಿನ್ನ ಅಪ್ಪ,
ಬೋರಲಿಂಗಯ್ಯ


ನಾಗಾನೊ
1 ಸೆಪ್ಟೆಂಬರ್ 2019

ಅಪ್ಪ,

ಪರೀಕ್ಷೆಯಲ್ಲಿ ಫೇಲಾದೆ. ಓದುವುದರಲ್ಲಿ, ವ್ಯಾಕರಣದಲ್ಲಿ ಒಳ್ಳೆಯ ಅಂಕ ಬಂದಿದೆ. ಕೇಳಿಸಿಕೊಂಡು ಉತ್ತರ ಬರೆಯುವ ಭಾಗದಲ್ಲಿ ಹೋಯಿತು. ಸ್ಪೀಕರಿನಿಂದ ಧ್ವನಿ ಬರುತ್ತದೆ, ಮುಖ ಇರುವುದಿಲ್ಲ. ಮುಖ ಕಾಣದಿದ್ದರೆ ನನಗೆ ಮಾತು ಅರ್ಥವೇ ಆಗುವುದಿಲ್ಲ ಅಂತ ಅವತ್ತು ಗೊತ್ತಾಯಿತು. ನಿಮ್ಮ ಜೊತೆ ಬೆಳೆದು ನಾನೂ ಕಣ್ಣಿನಲ್ಲೇ ಕೇಳುವವಳಾಗಿದ್ದೇನೆ. ಡಿಸೆಂಬರಿನಲ್ಲಿ ಇನ್ನೊಂದೇ ಅವಕಾಶ ಕೊಟ್ಟಿದ್ದಾರೆ.

ಫಲಿತಾಂಶ ನೋಡಿದ ದಿನ ಆ್ಯಪ್ ತೆರೆದೆ. ನಿಮ್ಮ ಚೌಕಕ್ಕೆ ಬಣ್ಣ ಬಂದಿತ್ತು. ಅದನ್ನು ನೋಡಿ ಬಹಳ ಅತ್ತೆ. ಫೇಲಾದದ್ದಕ್ಕೆ ಅಲ್ಲ. ಹತ್ತು ತಿಂಗಳಿಂದ ನಿಮಗೆ ಒಂದು ಸುಳ್ಳು ಹೇಳಿ, ನೀವು ಆ ಸುಳ್ಳಿಗಾಗಿ ಬೆಳಿಗ್ಗೆ ಆರಕ್ಕೆ ಕೂತು ಅಕ್ಷರ ತಿದ್ದುವುದನ್ನು ನೋಡುತ್ತಾ ಸುಮ್ಮನಿದ್ದೇನೆ.

ಆ ಸಂಜೆ ನಾನು ಪಾಠ ಓದುತ್ತಿರಲಿಲ್ಲ. ಬೇರೆ ದಿನಗಳಲ್ಲಿ ಓದುತ್ತಿದ್ದೆ, ಅವತ್ತು ಇಲ್ಲ. ನೀವು ಅಂದುಕೊಂಡದ್ದೇ ನಿಜ. ಬೀರೇಶ್ ಅಂತ, ನಮ್ಮ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿದ್ದವನು. ಕೋಡಿಹಳ್ಳಿ ಕಡೆಯವನು. ಅವರದು ಕುರಿ ಸಾಕುವ ಮನೆ. ಇಷ್ಟು ಹೇಳಿದರೆ ನಾನು ಯಾಕೆ ಮನೆಯಲ್ಲಿ ಬಾಯಿ ಬಿಡಲಿಲ್ಲ ಅಂತ ನಿಮಗೆ ತಿಳಿಯುತ್ತದೆ.

"ಜಪಾನಿಗೆ ಹೋಗ್ತೀಯೋ, ಇಲ್ಲೇ ಇರ್ತೀಯೋ, ಇವತ್ತು ಹೇಳ್ಬುಡು" ಅಂತ ಕೇಳುತ್ತಿದ್ದ. ನಾನು ನಗುತ್ತಾ ಸತಾಯಿಸುತ್ತಿದ್ದೆ. ಮನಸ್ಸಿನಲ್ಲಿ ಉತ್ತರ ಆಗಿಹೋಗಿತ್ತು. ಇಲ್ಲೇ ಇರುತ್ತೇನೆ ಅಂತ ಹೇಳುವುದರಲ್ಲಿದ್ದೆ. ಆಗ ನೀವು ಬಂದಿರಿ.

ಫೋನು ಹೋದದ್ದರಿಂದ ಅವನಿಗೆ ತಿಳಿಸಲಾಗಲಿಲ್ಲ ಅಂತ ಬರೆಯಲಾರೆ. ಅವನ ನಂಬರು ನನಗೆ ಬಾಯಿಪಾಠ ಇತ್ತು. ಹಾಸ್ಟೆಲಿನಲ್ಲಿ ಹತ್ತು ಜನರ ಹತ್ತಿರ ಫೋನಿತ್ತು. ಮಾಡಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಜಪಾನಿಗೇ ಹೋಗುತ್ತೇನೆ ಅಂತ ಹಟ ಹಿಡಿದೆ. ನನ್ನ ಮೌನವನ್ನೇ ಅವನು ಉತ್ತರ ಅಂದುಕೊಂಡ. ಹೋದ ಫೆಬ್ರವರಿಯಲ್ಲಿ ಕನಕಪುರದಲ್ಲಿ ಅವನ ಮದುವೆಯಾಯಿತು. ಜೊತೆಯಲ್ಲಿ ಕೆಲಸ ಮಾಡಿದವಳೊಬ್ಬಳು ಫೋಟೋ ಕಳಿಸಿದ್ದಳು.

ಮದುವೆ ಮನೆಯ ಬೆಳಕಿನಲ್ಲಿ ಅವನು ಸ್ವಲ್ಪ ದಪ್ಪಗಾದ ಹಾಗೆ ಕಂಡ. ಅದನ್ನು ಬಿಟ್ಟು ಬೇರೇನೂ ನೋಡಲು ಆಗಲಿಲ್ಲ.

ಇದಕ್ಕೆ ನೀವು ಕಾರಣರಲ್ಲ. ಆದರೆ ನನ್ನ ಹತ್ತಿರ ನೀವು ಕೇಳಿದ ಕ್ಷಮೆ ಇದೆ. ಅದು ನನ್ನದಲ್ಲ. ವಾಪಸ್ಸು ಕೊಡುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ. ಕನ್ನಡಿಯ ಮುಂದೆ ಇನ್ನು ಹುಡುಕಬೇಡಿ.

ಪ್ರತಿಮಾ


ಕೂಟಗಲ್
22 ಸೆಪ್ಟೆಂಬರ್ 2019

ಮಗಳೇ,

ನಿನ್ನ ಕಾಗದವನ್ನು ತೋಟದ ಬದುವಿನ ಮೇಲೆ ಕೂತು ಎರಡು ಸಲ ಓದಿದೆ. ನಿಮ್ಮಮ್ಮನಿಗೆ ಕೊಟ್ಟಿಲ್ಲ. ಫೇಲಾದದ್ದು ಮಾತ್ರ ಹೇಳಿದ್ದೇನೆ.

ನನಗೆ ಗೊತ್ತಿತ್ತು.

ಆ್ಯಪಿನಲ್ಲಿ ಹಿಂದಿನ ತಿಂಗಳುಗಳನ್ನೂ ನೋಡಬಹುದು ಅಂತ ಫೆಬ್ರವರಿಯಲ್ಲಿ ನನಗೆ ಗೊತ್ತಾಯಿತು. ಬೆರಳಲ್ಲಿ ಹಿಂದಕ್ಕೆ ತಳ್ಳುತ್ತಾ ಹೋದೆ. ನೀನು ಊರಲ್ಲಿದ್ದಾಗ ಅರವತ್ತೊಂದು ದಿನ ಒಂದೂ ಬಿಡದೆ ಓದಿದ್ದೆ. ಏಪ್ರಿಲ್ ನಾಲ್ಕರವರೆಗೆ ಎಲ್ಲಾ ಚೌಕಕ್ಕೂ ಬಣ್ಣ. ಏಪ್ರಿಲ್ ಐದು ಖಾಲಿ. ಅವತ್ತು ನೀನು ಮುಕ್ಕಾಲು ಗಂಟೆ ಮಾತಾಡಿದ್ದನ್ನು ನಾನು ಕೊಟ್ಟಿಗೆಯಿಂದ ನೋಡಿದ್ದೆ. ಪಾಠವಾಗಿದ್ದರೆ ಆ ಚೌಕ ತುಂಬಿರಬೇಕಿತ್ತು.

ಆ ಹನ್ನೊಂದು ದಿನ ಹುಳು ಹಣ್ಣಾಗಿರಲಿಲ್ಲ. ಆಗ ಮನೆಯಲ್ಲಿ ಹುಳುವೇ ಇರಲಿಲ್ಲ. ಸಿಟ್ಟು ಬಂದಿತ್ತು. ಅಪ್ಪನ ಕೈಯಲ್ಲಿ ತಪ್ಪಾಯಿತು ಅಂತ ಬರೆಸಿಕೊಂಡಳಲ್ಲ ಅಂತ. ಫೋನನ್ನು ಮತ್ತೆ ತೊಟ್ಟಿಗೆ ಹಾಕಲು ತೆಗೆದುಕೊಂಡು ಹೋಗಿದ್ದೆ. ಕರು ನೀರು ಕುಡಿಯುತ್ತಿತ್ತು. ಅದು ಕುಡಿದು ಮುಗಿಸಲಿ ಅಂತ ನಿಂತೆ.

ನಿಂತಾಗ ಒಂದು ವಿಷಯ ನೆನಪಾಯಿತು. ನಿನಗೂ ನೆನಪಿರಬೇಕು, ಇದನ್ನು ನಾವು ಒಂದು ದಿನವೂ ಮಾತಾಡಿಲ್ಲ. ನನ್ನ ಕಿವಿ ಹೋಗುತ್ತಿದೆ ಅಂತ ನಾನು ಮನೆಯಲ್ಲಿ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ತಿಳಿದರೆ ಕೆಲಸ ಹೋಗುತ್ತದೆ, ಊರಲ್ಲಿ ತಿಳಿದರೆ ಕೆಪ್ಪ ಅನ್ನುತ್ತಾರೆ. ಎಲ್ಲದಕ್ಕೂ ತಲೆಯಾಡಿಸಿ ನಗುತ್ತಿದ್ದೆ. ನಿನಗೆ ಆಗ ಹದಿನಾರು. ಒಂದು ದಿನ ಬಸ್ಸಿಳಿದು ಬರುವಾಗ ನೀನು ಹಿಂದಿನಿಂದ ಕೂಗಿರಬೇಕು. ನಾನು ತಿರುಗಲಿಲ್ಲ. ನೀನು ಓಡಿ ಬಂದು ಎದುರಿಗೆ ನಿಂತೆ. ಮುಖ ನೋಡಿದೆ. ಏನೂ ಕೇಳಲಿಲ್ಲ. ಆವತ್ತಿನಿಂದ ನಾಲ್ಕು ಜನ ಇರುವ ಕಡೆಯಲ್ಲೆಲ್ಲ ನನ್ನ ಎದುರಿಗೇ ಬಂದು ಕೂರತೊಡಗಿದೆ. "ಅಪ್ಪ, ಹುಳ ಯಾವಾಗ ತತ್ತೀಯ ಅಂತ ದೊಡ್ಡವ್ವ ಕೇಳ್ತಾ ಅವ್ಳೆ" ಅಂತ ಎಲ್ಲರ ಮಾತನ್ನೂ ನಿನ್ನ ಮಾತಿನ ಹಾಗೆ ಮಾಡಿ ಹೇಳುತ್ತಿದ್ದೆ. ನಿಮ್ಮಮ್ಮನಿಗೂ ಹೇಳಲಿಲ್ಲ. ನಾನು ಕಟ್ಟಿದ ಸುಳ್ಳನ್ನು ಎರಡು ವರ್ಷ ನೀನು ಬೀಳದ ಹಾಗೆ ಹಿಡಿದುಕೊಂಡಿದ್ದೆ.

ಕರು ಹೋದ ಮೇಲೆ ಫೋನನ್ನು ಒಳಗೆ ತಂದಿಟ್ಟೆ. ಮಾರನೆ ದಿನದಿಂದ ಮತ್ತೆ ಓದಿದೆ. ಕನ್ನಡಿಯ ಮುಂದೆ ಆ ಮಾತನ್ನು ಹುಡುಕುವುದು ಫೆಬ್ರವರಿಯಲ್ಲೇ ನಿಂತಿದೆ. ಈಗ ಓದುವುದು ಯಾಕೆ ಅಂದರೆ, ಹತ್ತಕ್ಕೆ ಟೀ ಕುಡಿಯುವಾಗ ನೀನು ನೋಡುತ್ತೀಯಲ್ಲ, ಅದಕ್ಕೆ.

ಆ ಹುಡುಗನ ವಿಷಯ ನೀನು ಬಂದು ಕೇಳಿದ್ದರೆ ನಾನು ಒಪ್ಪುತ್ತಿದ್ದೆ ಅಂತ ಈಗ ಬರೆದರೆ ಅದು ಸುಳ್ಳಾಗುತ್ತದೆ. ಒಪ್ಪುತ್ತಿರಲಿಲ್ಲ. ಆಗ ಒಪ್ಪುತ್ತಿರಲಿಲ್ಲ. ಫೋಟೋದ ವಿಷಯ ನೀನು ಬರೆದ ಎರಡು ಸಾಲನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ.

ಕ್ಷಮೆಯನ್ನು ವಾಪಸ್ಸು ಕಳಿಸಬೇಡ. ನೀನು ಯಾರ ಜೊತೆ ಮಾತಾಡುತ್ತಿದ್ದರೂ ಕಿತ್ತು ಎಸೆಯುವ ಹಕ್ಕು ನನಗಿರಲಿಲ್ಲ. ಅದು ನಿನ್ನದೇ, ಇಟ್ಟುಕೊ.

ನೀನು ಫೇಲಾದೆ ಅಂತ ಓದಿದಾಗ ಒಂದು ಗಳಿಗೆ ನನಗೆ ಸಂತೋಷವಾಯಿತು. ಬಂದುಬಿಡುತ್ತಾಳೆ ಅಂತ. ಆಮೇಲೆ ನಾಚಿಕೆಯಾಯಿತು. ಇನ್ನೊಂದು ಸಲ ಬರಿ. ಕಣ್ಣು ಮುಚ್ಚಿಕೊಂಡು ಕೇಳುವುದನ್ನು ಕಲಿ. ಅದನ್ನು ಮಾತ್ರ ನಾನು ನಿನಗೆ ಕಲಿಸಲಾರೆ.

ನಿನ್ನ ಅಪ್ಪ,
ಬೋರಲಿಂಗಯ್ಯ


ನಾಗಾನೊ
24 ನವೆಂಬರ್ 2019

ಅಪ್ಪ,

ನಿನ್ನ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲೇ ಒಂದೂವರೆ ತಿಂಗಳಿಂದ ಇದೆ. ಒಂದು ಸಲ ಬಟ್ಟೆಯ ಜೊತೆ ಒಗೆದೂ ಬಿಟ್ಟೆ. ಅಕ್ಷರ ಹೋಗಿಲ್ಲ, ನೀನು ಒತ್ತಿ ಬರೆಯುತ್ತೀಯ.

ಕಣ್ಣು ಮುಚ್ಚಿ ಕೇಳುವುದನ್ನು ಫುಮಿ ಸಾನ್ ಕಲಿಸುತ್ತಿದ್ದಾರೆ. ಪರೀಕ್ಷೆಯ ಕಷ್ಟ ಹೇಳಿಕೊಂಡೆ. "ಗೋಡೆಗೆ ಮುಖ ಮಾಡಿ ಕೂರು" ಅಂದರು. ದಿನಾ ಸಂಜೆ ನನ್ನ ಬೆನ್ನ ಹಿಂದೆ ಕೂತು ಕಾರ್ಖಾನೆಯ ದಿನಗಳನ್ನು ಹೇಳುತ್ತಾರೆ. ಬಿಸಿನೀರಿನಲ್ಲಿ ಬೆರಳು ಬೆಂದದ್ದು, ಹುಡುಗಿಯರೆಲ್ಲ ಒಂದೇ ಕಂಬಳಿಯೊಳಗೆ ಮಲಗಿದ್ದು, ಮನೆಯಿಂದ ಬಂದ ಕಾಗದವನ್ನು ಓದಲು ಬಾರದೆ ಬೇರೆಯವರಿಂದ ಓದಿಸಿದ್ದು. ನಡುನಡುವೆ "ಈಗ ನಾನೇನಂದೆ?" ಅಂತ ಭುಜ ತಟ್ಟುತ್ತಾರೆ. ನಾನು ತಿರುಗಿ ನನ್ನ ಮುಖ ಅವರಿಗೆ ಕಾಣುವ ಹಾಗೆ ಕೂತು ಉತ್ತರ ಹೇಳಬೇಕು. ಆಮೇಲೆ ಮತ್ತೆ ಗೋಡೆ. ನೋಡಿದವರೆಲ್ಲ ನಗುತ್ತಾರೆ. ಅವರಿಗೆ ಏನೂ ಲಕ್ಷ್ಯವಿಲ್ಲ.

ಬರುವ ಭಾನುವಾರ ಪರೀಕ್ಷೆ. ಫಲಿತಾಂಶ ಜನವರಿ ಕೊನೆಗೆ. ಪಾಸಾದರೆ ಇನ್ನೆರಡು ವರ್ಷ ಇಲ್ಲೇ. ಇಲ್ಲದಿದ್ದರೆ ಮಾರ್ಚಿನಲ್ಲಿ ಪೆಟ್ಟಿಗೆ ಕಟ್ಟುವುದು. ನನಗೆ ಯಾವುದು ಬೇಕು ಅಂತ ಕೇಳಬೇಡ. ಬೆಳಿಗ್ಗೆ ಒಂದು ಬೇಕು ಅನ್ನಿಸುತ್ತದೆ, ಸಂಜೆ ಇನ್ನೊಂದು.

ಹೊಸ ವರ್ಷಕ್ಕೆ ಹನ್ನೆರಡು ದಿನ ರಜೆ ಸಿಕ್ಕಿದೆ. ಟಿಕೆಟ್ ತೆಗೆದಿದ್ದೇನೆ. ಡಿಸೆಂಬರ್ 28, ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಬೆಂಗಳೂರಿಗೆ ಬರುತ್ತೇನೆ. ನೀನು ಅಷ್ಟು ದೂರ ಬರುವುದು ಬೇಡ, ನಾನೇ ಬಸ್ಸು ಹಿಡಿದು ರಾಮನಗರಕ್ಕೆ ಬರುತ್ತೇನೆ. ಏರ್‌ಪೋರ್ಟಿನಲ್ಲಿ ಎಲ್ಲವನ್ನೂ ಮೈಕಿನಲ್ಲಿ ಹೇಳುತ್ತಾರೆ, ನಿನಗೆ ತೊಂದರೆಯಾಗುತ್ತದೆ.

ನಿನ್ನ,
ಪ್ರತಿಮಾ


ಕೂಟಗಲ್
8 ಡಿಸೆಂಬರ್ 2019

ಮಗಳೇ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ನೀನು ಹೊರಡುವ ಮುಂಚೆ ಸೇರಲಿ ಅಂತ.

ನೀನು ಬಸ್ಸು ಹಿಡಿಯುವುದು ಬೇಡ. ನಾನು ಬರುತ್ತೇನೆ. ರಾಮನಗರದಿಂದ ರೈಲು, ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ ಬಸ್ಸು. ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಿಮ್ಮಮ್ಮನೂ ಬರುತ್ತಾಳೆ. ಮೊದಲು ಬರುವುದಿಲ್ಲ ಅಂದಳು, ಆಮೇಲೆ ಯಾವ ಸೀರೆ ಅಂತ ಕೇಳಿದಳು. ಹುಳು ಅವತ್ತಿಗೆ ನಾಲ್ಕನೇ ಜ್ವರಕ್ಕೆ ಕೂರುವ ಹಾಗೆ ಲೆಕ್ಕ ಹಾಕಿ ತರುತ್ತಿದ್ದೇನೆ. ಜ್ವರಕ್ಕೆ ಕೂತರೆ ಮೇವು ಬೇಡ, ಒಂದು ದಿನ ಮನೆ ಬಿಡಬಹುದು. ಫುಮಿ ಸಾನ್ ಅವರಿಗೆ ಇದನ್ನು ಹೇಳು, ಅವರಿಗೆ ಅರ್ಥವಾಗುತ್ತದೆ.

ಪಾಸೋ ಫೇಲೋ ಜನವರಿಗೆ ನೋಡೋಣ. ಹನ್ನೆರಡು ದಿನ ಆ ಮಾತು ಬೇಡ.

ಹೊರಗೆ ಬರುವ ಬಾಗಿಲ ಹತ್ತಿರ ಕಂಬಿ ಹಾಕಿರುತ್ತಾರಂತೆ. ಅದರ ಮುಂದುಗಡೆಯೇ ನಿಂತಿರುತ್ತೇನೆ. ಬಹಳ ಜನ ಇರುತ್ತಾರೆ. ನೀನು ಕೂಗಬೇಡ, ನನಗೆ ಕೇಳಿಸುವುದಿಲ್ಲ. ಕೈ ಎತ್ತು.

ಮೊನ್ನೆಯ ಪಾಠದಲ್ಲಿ ಎರಡು ಮಾತು ಬಂತು. ಹೊರಗಿನಿಂದ ಮನೆಗೆ ಬಂದವರು 'ತದಾಯಿಮಾ' ಅನ್ನಬೇಕು, ಬಂದೆ ಅಂತ. ಮನೆಯಲ್ಲಿದ್ದವರು 'ಒಕಾಯೆರಿ' ಅನ್ನಬೇಕು, ಬಾ ಅಂತ. ನನ್ನ ಪಾಲಿನ ಮಾತನ್ನು ಕೊಟ್ಟಿಗೆಯಲ್ಲಿ ಹೇಳಿ ಹೇಳಿ ಕಲಿಯುತ್ತಿದ್ದೇನೆ. ಎಷ್ಟು ಜೋರಾಗಿ ಹೇಳುತ್ತೇನೋ ನನಗೆ ಗೊತ್ತಾಗುವುದಿಲ್ಲ. ಅಷ್ಟು ಜನರಲ್ಲಿ ಎಲ್ಲರೂ ತಿರುಗಿ ನೋಡಿದರೆ ನೋಡಲಿ. ಸರಿಯಾಗಿ ಹೇಳಿದೆನೋ ಇಲ್ಲವೋ ಅಂತ ನೀನು ಎದುರಿಗೆ ಬಂದು ನಿಂತು ಹೇಳಬೇಕು.

ನಿನ್ನ ಅಪ್ಪ,
ಬೋರಲಿಂಗಯ್ಯ